ಮನೆಯ ದೀಪ ಕಾಯ್ದ ಇಂಜಿನಿಯರ್

ಜತ್ತ ತಾಲೂಕಿನ ನಮ್ಮ ಊರುಗಳಲ್ಲಿ ಅಪ್ಪ ಎಂದರೆ ದುಡಿಯಲು ಹೊರಗೆ ಹೋದವನು. ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆಗೆ ಹೋಗುವವರಿದ್ದಾರೆ. ಓದಿಕೊಂಡ ಹುಡುಗರು ಸಾಂಗಲಿ, ಪುಣೆ ಎಂದು ನೌಕರಿ ಹಿಡಿಯುತ್ತಾರೆ. ಮನೆ, ಮಕ್ಕಳು, ಜಪಸರ ಎಲ್ಲವೂ ತಾಯಿಯ ಪಾಲು. ಆ ತಾಯಿಯೇ ಇಲ್ಲವಾದರೆ? ಈ ಪ್ರಶ್ನೆಗೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟ ಒಬ್ಬ ಇಂಜಿನಿಯರನ್ನು ಈ ಸಲ ನೆನೆಯೋಣ.

ಸಂತ ಜಿಯಾನ್ನಾ ಬೆರೆತ್ತಾ ಮೊಲ್ಲಾ ಅವರ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಹೊಟ್ಟೆಯಲ್ಲಿದ್ದ ಕೂಸಿಗಾಗಿ ಪ್ರಾಣ ಕೊಟ್ಟ ವೈದ್ಯೆ ಅವರು. ಏಪ್ರಿಲ್ 28 ಅವರ ಹಬ್ಬದ ದಿನ. ಆದರೆ ಅವರ ಪತಿ ಪಿಯೆತ್ರೊ ಮೊಲ್ಲಾ ಅವರನ್ನು ನೆನೆಯುವವರು ಕಡಿಮೆ.

ಪಿಯೆತ್ರೊ ಹುಟ್ಟಿದ್ದು 1912ರ ಜುಲೈ 1ರಂದು, ಇಟಲಿಯ ಮಿಲಾನ್ ನಗರದ ಹತ್ತಿರದ ಮೆಸೆರೊ ಎಂಬ ಹಳ್ಳಿಯಲ್ಲಿ. ಇಂಜಿನಿಯರಿಂಗ್ ಓದಿ, ಪೊಂತೆ ನುವೊವೊ ಎಂಬಲ್ಲಿದ್ದ ದೊಡ್ಡ ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ನಿರ್ದೇಶಕರಾದರು. ನೂರಾರು ಕೆಲಸಗಾರರ ಹೊಣೆ ಅವರ ಮೇಲಿತ್ತು. ಅದೇ ಮೆಸೆರೊದಲ್ಲಿ ಡಾಕ್ಟರ್ ಜಿಯಾನ್ನಾ 1950ರಲ್ಲಿ ದವಾಖಾನೆ ತೆರೆದಿದ್ದರು. 1954ರ ಡಿಸೆಂಬರ್ 8ರಂದು, ಅಮಲೋದ್ಭವಿ ಮಾತೆಯ ಹಬ್ಬದ ದಿನ, ಊರಿನ ಒಬ್ಬ ಗುರುಗಳು ತಮ್ಮ ಪ್ರಥಮ ಬಲಿಪೂಜೆ ಅರ್ಪಿಸಿದರು. ಆ ಸಂಭ್ರಮದಲ್ಲಿ ಇಬ್ಬರಿಗೂ ಮಾತು ಬೆಳೆಯಿತು. 1955ರ ಸೆಪ್ಟೆಂಬರ್ 24ರಂದು ಮಜೆಂತಾದ ಸಂತ ಮಾರ್ಟಿನರ ದೇವಾಲಯದಲ್ಲಿ ಮದುವೆ ನಡೆಯಿತು. ಆಶೀರ್ವದಿಸಿದವರು ವಧುವಿನ ಅಣ್ಣ, ಗುರು ಜುಸೆಪ್ಪೆ. ವರನಿಗೆ 43 ವರ್ಷ, ವಧುವಿಗೆ 32. ತಡವಾಯಿತು ಎಂದು ನಮ್ಮ ಹಿರಿಯರು ಮೂಗಿನ ಮೇಲೆ ಬೆರಳಿಡುತ್ತಿದ್ದರೇನೋ! ಆದರೆ ದೇವರ ಗಡಿಯಾರ ಬೇರೆ.

ಕಾರ್ಖಾನೆಯ ಕೆಲಸಕ್ಕಾಗಿ ಪಿಯೆತ್ರೊ ಆಗಾಗ ಪರದೇಶಕ್ಕೆ ಹೋಗಬೇಕಾಗಿತ್ತು. ಆಗ ಗಂಡ ಹೆಂಡಿರ ನಡುವೆ ಕಾಗದಗಳೇ ಸೇತುವೆ. ಅವರ ಆ ಪತ್ರಗಳು ಮುಂದೆ ಪುಸ್ತಕವಾಗಿ ಅಚ್ಚಾಗಿವೆ. ಪಿಯೆರ್‌ಲುಯಿಜಿ, ಮರಿಯೊಲಿನಾ, ಲಾವುರಾ ಎಂದು ಮೂವರು ಮಕ್ಕಳಾದರು.

1961ರಲ್ಲಿ ಜಿಯಾನ್ನಾ ಮತ್ತೆ ಬಸುರಿಯಾದಾಗ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿಕೊಂಡಿತು. ಗರ್ಭಕೋಶವನ್ನೇ ತೆಗೆದಿದ್ದರೆ ತಾಯಿಗೆ ಅಪಾಯ ಕಡಿಮೆ, ಆದರೆ ಕೂಸು ಉಳಿಯುತ್ತಿರಲಿಲ್ಲ. ಧರ್ಮಸಭೆಯ ಬೋಧನೆಯ ಪ್ರಕಾರ ಅಂಥ ಚಿಕಿತ್ಸೆಯನ್ನು ಒಪ್ಪಿಕೊಂಡರೂ ತಪ್ಪಾಗುತ್ತಿರಲಿಲ್ಲ. ಆಕೆ ಗಡ್ಡೆಯನ್ನಷ್ಟೇ ತೆಗೆಯಿರಿ, ಕೂಸನ್ನು ಉಳಿಸಿ ಎಂದರು. ಸೆಪ್ಟೆಂಬರ್ 6ರಂದು ಶಸ್ತ್ರಚಿಕಿತ್ಸೆ ಆಯಿತು. ಹೆರಿಗೆಯ ದಿನ ಹತ್ತಿರವಾದಾಗ ಗಂಡನಿಗೆ ಖಡಾಖಂಡಿತವಾಗಿ ಹೇಳಿಟ್ಟರು: ನನ್ನನ್ನೋ ಕೂಸನ್ನೋ ಆರಿಸಬೇಕಾಗಿ ಬಂದರೆ, ಹಿಂದೆ ಮುಂದೆ ನೋಡದೆ ಕೂಸನ್ನೇ ಉಳಿಸಿ.

ಈ ಮಾತನ್ನು ಕೇಳಿಸಿಕೊಂಡ ಗಂಡನ ಎದೆ ಹೇಗಿದ್ದೀತು? ನಾವು ತ್ಯಾಗ ಮಾಡಿದವರನ್ನು ಕೊಂಡಾಡುತ್ತೇವೆ. ಆ ತ್ಯಾಗದ ಭಾರವನ್ನು ಮುಂದೆ ದಿನವೂ ಹೊರುವವರನ್ನು ಮರೆತುಬಿಡುತ್ತೇವೆ.

1962ರ ಏಪ್ರಿಲ್ 21, ಪವಿತ್ರ ಶನಿವಾರ. ಜಿಯಾನ್ನಾ ಎಮಾನ್ವೆಲಾ ಎಂಬ ಹೆಣ್ಣುಕೂಸು ಹುಟ್ಟಿತು. ಒಂದೇ ವಾರಕ್ಕೆ, ಏಪ್ರಿಲ್ 28ರಂದು, 39 ವರ್ಷದ ತಾಯಿ ತಮ್ಮ ಮನೆಯಲ್ಲೇ ಕಣ್ಣು ಮುಚ್ಚಿದರು. ಪಿಯೆತ್ರೊ ಅವರ ಕೈಯಲ್ಲಿ ಉಳಿದದ್ದು ನಾಲ್ವರು ಮಕ್ಕಳು. ದೊಡ್ಡವನಿಗೆ ಐದು ವರ್ಷ, ಕೊನೆಯದಕ್ಕೆ ಏಳು ದಿನ. ಸಾಲದ್ದಕ್ಕೆ 1964ರಲ್ಲಿ ಮರಿಯೊಲಿನಾ ಆರನೆಯ ವಯಸ್ಸಿನಲ್ಲೇ ತೀರಿಕೊಂಡಳು.

ಮನುಷ್ಯನ ವಿಶ್ವಾಸ ಬಿರುಕು ಬಿಡುವುದು ಇಂಥ ಹೊತ್ತಿನಲ್ಲೇ. ನಮ್ಮ ಸೀಮೆಯ ಬಾವಿ ಬತ್ತಿದಾಗ ಇನ್ನೂ ನಾಲ್ಕು ಮೊಳ ಅಗೆದು ನೋಡುತ್ತೇವಲ್ಲ, ಪಿಯೆತ್ರೊ ಮಾಡಿದ್ದೂ ಅದನ್ನೇ. ಮತ್ತೆ ಮದುವೆಯಾಗಲಿಲ್ಲ. ಕಾರ್ಖಾನೆಗೂ ಹೋದರು, ಮಕ್ಕಳನ್ನೂ ಬೆಳೆಸಿದರು.

ಅಷ್ಟರಲ್ಲಿ ಇನ್ನೊಂದು ಕರೆ ಬಂತು. ಜಿಯಾನ್ನಾ ಅವರನ್ನು ಸಂತ ಪದವಿಗೇರಿಸುವ ವಿಚಾರಣೆ ಆರಂಭಿಸಬೇಕೆಂದು ಧರ್ಮಸಭೆ ಬಯಸಿತು. ಪಿಯೆತ್ರೊ ಮೊದಲು ಹಿಂಜರಿದರು. ಮನೆಯೊಳಗಿನ ನೋವನ್ನು ಊರ ಮುಂದೆ ಬಿಚ್ಚಿಡುವುದು ಯಾರಿಗೆ ಸುಲಭ? ಬೇರೆ ತಾಯಂದಿರಿಗೆ ಒಳಿತಾಗುವುದಾದರೆ ಆಗಲಿ ಎಂದು ಕೊನೆಗೆ ಒಪ್ಪಿದರು. ಪತ್ರಗಳನ್ನು ಕೊಟ್ಟರು, ಸಾಕ್ಷ್ಯ ಹೇಳಿದರು. ಗುರುಪಟ್ಟವಿಲ್ಲದ ಶ್ರೀಸಾಮಾನ್ಯ ವಿಶ್ವಾಸಿಯೊಬ್ಬ ಧರ್ಮಸಭೆಯಲ್ಲಿ ಹಿರಿಯನಾಗುವುದು ಹೀಗೆ. ತಾನು ಒಬ್ಬ ಸಂತರೊಂದಿಗೆ ಸಂಸಾರ ಮಾಡುತ್ತಿದ್ದೇನೆ ಎಂದು ಎಂದೂ ಅನಿಸಿರಲಿಲ್ಲ ಎಂದು ಅವರು ಹೇಳುತ್ತಿದ್ದರು. ಹಾಡು, ಬೆಟ್ಟ, ಒಳ್ಳೆಯ ಉಡುಪು ಎಲ್ಲವನ್ನೂ ಪ್ರೀತಿಸಿದ ನಗುಮುಖದ ಹೆಂಡತಿಯನ್ನಷ್ಟೇ ಅವರು ಕಂಡಿದ್ದರು.

1994ರ ಏಪ್ರಿಲ್ 24ರಂದು ಪೋಪ್ ಎರಡನೇ ಜಾನ್ ಪಾಲ್ ಅವರು ಜಿಯಾನ್ನಾ ಅವರಿಗೆ ಪುನೀತ ಪದವಿಯನ್ನೂ 2004ರ ಮೇ 16ರಂದು ಸಂತ ಪದವಿಯನ್ನೂ ನೀಡಿದರು. ಆ ದಿನ ರೋಮಿನ ಚೌಕದಲ್ಲಿ 91 ವರ್ಷದ ಪಿಯೆತ್ರೊ ಮಕ್ಕಳೊಂದಿಗೆ ಕುಳಿತಿದ್ದರು. ಹೆಂಡತಿ ಸಂತಳೆಂದು ಘೋಷಣೆಯಾಗುವುದನ್ನು ಗಂಡ ಕಣ್ಣಾರೆ ಕಂಡ ಅಪರೂಪದ ಗಳಿಗೆ ಅದು. ಅಂದು ಉಳಿದ ಕೂಸು ಎಮಾನ್ವೆಲಾ ತಾಯಿಯಂತೆಯೇ ವೈದ್ಯೆಯಾದರು. ಮುಪ್ಪಿನಲ್ಲಿ ತಂದೆಯ ಆರೈಕೆ ಮಾಡಿದವರೂ ಅವರೇ. ತಾಯಿ ಉಳಿಸಿದ ಜೀವ ತಂದೆಗೆ ಆಸರೆಯಾಯಿತು.

2010ರ ಏಪ್ರಿಲ್ 3ರಂದು, 97ನೇ ವಯಸ್ಸಿನಲ್ಲಿ ಪಿಯೆತ್ರೊ ಪ್ರಭುವಿನಲ್ಲಿ ನಿದ್ರಿಸಿದರು. ಅದೂ ಪವಿತ್ರ ಶನಿವಾರವೇ. ಮಗಳು ಹುಟ್ಟಿದ್ದೂ ಅಪ್ಪ ತೀರಿಕೊಂಡದ್ದೂ ಪಾಸ್ಖದ ಹಿಂದಿನ ದಿನ. ಸಮಾಧಿಗೂ ಪುನರುತ್ಥಾನಕ್ಕೂ ನಡುವೆ ಕಾಯುವ ದಿನ ಅದು. ಅವರ 48 ವರ್ಷಗಳ ಒಂಟಿ ಬಾಳೂ ಅಂಥ ಒಂದು ಕಾಯುವಿಕೆಯೇ.

ಪ್ರಿಯ ಕುಟುಂಬಗಳೇ, ನಮ್ಮಲ್ಲೂ ಹೆಂಡತಿಯನ್ನು ಕಳೆದುಕೊಂಡು ಮಕ್ಕಳನ್ನು ಸಾಕುವ ತಂದೆಯರಿದ್ದಾರೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಅವರ ಮನೆಗೆ ಒಮ್ಮೆ ಹೋಗಿಬರೋಣ. ಒಂದು ಹೊತ್ತಿನ ರೊಟ್ಟಿ ಪಲ್ಯ ಕೊಟ್ಟು ಬರೋಣ. ದೂರದಲ್ಲಿ ದುಡಿಯುವ ಅಪ್ಪಂದಿರು ಈ ರಾತ್ರಿ ಮನೆಗೆ ಫೋನ್ ಮಾಡಿದಾಗ, ಹಣ ತಲುಪಿತೇ ಎಂದು ಕೇಳುವ ಮೊದಲು ಮಕ್ಕಳು ಪ್ರಾರ್ಥನೆ ಮಾಡಿದರೇ ಎಂದು ಕೇಳಲಿ. ಪಿಯೆತ್ರೊ ಅವರನ್ನು ನೆನೆಯಲು ನಮಗೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಬೇಕಿಲ್ಲ.