ತಟ್ಟೆಗೆ ತಕ್ಕ ಬಟ್ಟಲು: ಬೆಲ್ಜಿಯಂ ಮಠಗಳ ಬಿಯರು ಮತ್ತು ಊಟ

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ, ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದ ಹಳ್ಳಿಯೊಂದರಲ್ಲಿ ರಜೆಯ ಮೇಲೆ ತೆರಳಿದ್ದ ಧರ್ಮಗುರುವೊಬ್ಬರ ಸ್ಥಾನದಲ್ಲಿ ಬಲಿಪೂಜೆ ಅರ್ಪಿಸುವ ಅವಕಾಶ ನನಗೆ ದೊರೆತಿತ್ತು. ಒಂದು ಭಾನುವಾರ ವೃದ್ಧ ದಂಪತಿಗಳು ಮಧ್ಯಾಹ್ನದ ಊಟಕ್ಕೆ ಕರೆದರು. ತಟ್ಟೆಯಲ್ಲಿ ಬೇಯಿಸಿದ ಬಿಳಿ ಆಸ್ಪರಾಗಸ್ ದಂಟುಗಳು. ಅದು ನಮ್ಮ ಶತಾವರಿಯ ಬಳಗದ ಸಸ್ಯ. ಅವುಗಳ ಮೇಲೆ ಕರಗಿಸಿದ ಬೆಣ್ಣೆ ಮತ್ತು ಪುಡಿಮಾಡಿದ ಬೆಂದ ಮೊಟ್ಟೆ. ಸ್ನಾನಿಕ ಯೊವಾನ್ನರ ಹಬ್ಬವಾದ ಜೂನ್ 24ಕ್ಕೆ ಈ ದಂಟಿನ ಕೊಯ್ಲು ನಿಲ್ಲಿಸುವುದು ಅಲ್ಲಿನ ರೂಢಿ. ಯಜಮಾನರು ವೆಸ್ಟ್‌ಮಾಲೆ ಮಠದ ‘ಟ್ರಿಪೆಲ್’ ಎಂಬ ಹೊಂಬಣ್ಣದ ಬಿಯರಿನ ಬಾಟಲನ್ನು ತಂದು, ತಳದ ಗಸಿ ಕದಡದಂತೆ ಮೂರು ಅಗಲಬಾಯಿಯ ಬಟ್ಟಲುಗಳಿಗೆ ನಿಧಾನವಾಗಿ ಬಗ್ಗಿಸಿದರು. ಮೂವರಿಗೆ ಬಾಟಲು ಒಂದೇ. ದಂಟು ಮುಗಿದಾಗ ಬಟ್ಟಲೂ ಮುಗಿದಿತ್ತು. ಆಮೇಲೆ ಬಂದದ್ದು ಕಾಫಿ.

ಮದ್ಯದ ವಿಷಯವನ್ನು ಈ ಅಂಕಣದಲ್ಲಿ ಎತ್ತಿದ್ದಕ್ಕೆ ಕೆಲವು ಓದುಗರು ಹುಬ್ಬೇರಿಸಬಹುದು. ನನ್ನ ಕುತೂಹಲ ಆ ಬಾಟಲಿಗಿಂತಲೂ ಆ ತಟ್ಟೆಗೂ ಬಟ್ಟಲಿಗೂ ಇದ್ದ ಸಂಬಂಧದ ಮೇಲೆ ನೆಟ್ಟಿತ್ತೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಬೆಣ್ಣೆ ನಾಲಗೆಯ ಮೇಲೆ ಪದರದಂತೆ ಕೂರುತ್ತದೆ. ಬಿಯರಿನ ನೊರೆಗುಳ್ಳೆಗಳು ಆ ಪದರವನ್ನು ಎತ್ತಿ ತೊಳೆಯುತ್ತವೆ. ಮುಂದಿನ ತುತ್ತು ಮೊದಲ ತುತ್ತಿನಷ್ಟೇ ಹೊಸದಾಗಿರುತ್ತದೆ. ಆಸ್ಪರಾಗಸ್‌ಗೆ ತೆಳುವಾದ ಒಂದು ಕಹಿಯಿದೆ. ಬಿಯರಿಗೆ ಹಾಕುವ ಹಾಪ್ಸ್ ಹೂವಿಗೂ ಕಹಿಯಿದೆ. ಎರಡು ಕಹಿಗಳು ಪರಸ್ಪರ ಗುರುತು ಹಿಡಿದು ಜಗಳವಾಡದೆ ಕುಳಿತಿದ್ದವು. ಇವೆರಡರ ನಡುವೆ ಲವಂಗದ ಸುಳಿವೊಂದು ತೇಲಿಬಂತು. ಲವಂಗ ಹಾಕಿದ್ದೀರಾ ಎಂದು ಕೇಳಿದೆ. ಯಜಮಾನರು ನಕ್ಕರು. ಲವಂಗವೂ ಇಲ್ಲ, ಬಾಳೆಹಣ್ಣೂ ಇಲ್ಲ. ಆ ಪರಿಮಳಗಳೆಲ್ಲ ಯೀಸ್ಟಿನ ಕೊಡುಗೆ. ಬೆಲ್ಜಿಯಂನ ಈ ಬಿಯರುಗಳ ಗುಟ್ಟಿರುವುದು ಇಲ್ಲಿಯೇ. ಸಾಮಾನ್ಯ ಲಾಗರ್ ಬಿಯರು ತಂಪಿನಲ್ಲಿ ಹುದುಗುತ್ತದೆ, ಇವು ಬೆಚ್ಚಗೆ ಹುದುಗುತ್ತವೆ. ಆ ಬಿಸಿಯಲ್ಲಿ ಅಲ್ಲಿನ ಯೀಸ್ಟ್ ತಳಿಗಳು ಹಣ್ಣಿನ ಮತ್ತು ಮಸಾಲೆಯ ಸುವಾಸನೆಗಳನ್ನು ಹೊರಡಿಸುತ್ತವೆ. ಬಾಟಲಿಗೆ ತುಂಬುವಾಗ ಮತ್ತೆ ತುಸು ಸಕ್ಕರೆ, ಯೀಸ್ಟ್ ಸೇರಿಸಿ ಮುಚ್ಚುವುದರಿಂದ ಒಳಗೆಯೇ ಇನ್ನೊಮ್ಮೆ ಹುದುಗಿ ನೊರೆ ಹೆಚ್ಚುತ್ತದೆ. ಇಂಥದ್ದನ್ನು ಮಂಜುಗಡ್ಡೆಯಂತೆ ತಣ್ಣಗಾಗಿಸಿದರೆ ಪರಿಮಳವೆಲ್ಲ ಮುದುಡಿಹೋಗುತ್ತದೆ. ತುಸು ತಂಪು ಸಾಕು.

ಊಟಕ್ಕೂ ಪಾನೀಯಕ್ಕೂ ಜೋಡಿ ಹೊಂದಿಸುವ ಬಗೆ ಮೂರು ಎಂದು ಬಲ್ಲವರು ಹೇಳುತ್ತಾರೆ. ಸಮಾನವನ್ನು ಸಮಾನಕ್ಕೆ ಸೇರಿಸುವುದು, ವಿರುದ್ಧವನ್ನು ಎದುರಿಗೆ ನಿಲ್ಲಿಸುವುದು, ಜಿಡ್ಡನ್ನು ಕತ್ತರಿಸುವುದು. ಗುರುಮಠದಲ್ಲಿ ತರ್ಕಶಾಸ್ತ್ರ ಓದಿದವನಿಗೆ ಇಂಥ ವಿಭಾಗಗಳು ಪ್ರಿಯವೇ. ಆದರೆ ಅಡುಗೆಮನೆಯಲ್ಲಿ ಅವು ಒಂದರೊಳಗೊಂದು ಬೆರೆತುಹೋಗುತ್ತವೆ. ಫ್ಲಾಂಡರ್ಸಿನವರು ದನದ ಮಾಂಸವನ್ನು ಬಹಳಷ್ಟು ಈರುಳ್ಳಿಯೊಂದಿಗೆ ಕಂದು ಬಿಯರಿನಲ್ಲಿಯೇ ಗಂಟೆಗಟ್ಟಲೆ ಬೇಯಿಸುತ್ತಾರೆ. ಸಾಸಿವೆ ಸವರಿದ ಬ್ರೆಡ್ಡಿನ ಹೋಳನ್ನು ಮೇಲಿಟ್ಟರೆ ಅದು ಕರಗಿ ಸಾರು ಮಂದವಾಗುತ್ತದೆ. ಇದರ ಬದಿಗೆ ‘ಡುಬ್ಬೆಲ್’ ಎಂಬ ಕಂದು ಬಿಯರು. ಹುರಿದ ಈರುಳ್ಳಿಯ ಸಿಹಿಗೂ ಕಾಯಿಸಿದ ಸಕ್ಕರೆಯ ಸಿಹಿಗೂ ಇರುವ ನೆಂಟಸ್ತನ ಒಂದೇ ಗುಟುಕಿನಲ್ಲಿ ತಿಳಿಯುತ್ತದೆ. ಅದೇ ಬಿಯರಿನ ನೊರೆ ಮಾಂಸದ ಜಿಡ್ಡನ್ನೂ ಕತ್ತರಿಸುತ್ತದೆ. ಸಾಮ್ಯವೂ ವಿರೋಧವೂ ಒಂದೇ ಬಟ್ಟಲಿನಲ್ಲಿ!

ಹೂಗಾರ್ಡೆನ್ ಎಂಬ ಊರಿನ ಗೋಧಿ ಬಿಯರಿನ ಕಥೆ ಬೇರೆ. ಅದಕ್ಕೆ ಹಾಕುವುದು ಕೊತ್ತಂಬರಿ ಬೀಜ ಮತ್ತು ಕಿತ್ತಳೆಯ ಒಣಸಿಪ್ಪೆ. ಕೊನೆಯ ತಯಾರಿಕಾ ಮನೆಯೂ ಮುಚ್ಚಿ ಅಳಿದೇಹೋಗಿದ್ದ ಈ ಪದ್ಧತಿಯನ್ನು 1966ರಲ್ಲಿ ಪಿಯೆರ್ ಸೆಲಿಸ್ ಎಂಬ ಹಾಲು ಮಾರುವ ಮನೆತನದವರು ಮತ್ತೆ ಆರಂಭಿಸಿದರು. ನಮ್ಮ ಮರುವಾಯಿಗೆ ನೆಂಟನೆನ್ನಬಹುದಾದ ಕಪ್ಪು ಚಿಪ್ಪಿನ ಮಸ್ಸೆಲ್‌ಗಳನ್ನು ಬೇಯಿಸಿ, ಕರಿದ ಬಟಾಟೆಯೊಂದಿಗೆ ಬಡಿಸುವಲ್ಲಿ ಈ ಹಗುರ ಬಿಯರು ಒಪ್ಪುತ್ತದೆ. ಮೀನಿಗೆ ಲಿಂಬೆ ಹಿಂಡುವ ನಮಗೆ ಕಾರಣವನ್ನು ವಿವರಿಸಬೇಕಿಲ್ಲ. ಬೆಂಗಳೂರಿನಲ್ಲಿ ಸ್ವಂತ ಬಿಯರು ತಯಾರಿಸುವ ಹೋಟೆಲುಗಳಲ್ಲೂ ಇಂದು ಈ ಮಾದರಿಯದು ಸಿಗುತ್ತದೆ.

ನನ್ನನ್ನು ಹೆಚ್ಚು ಅಚ್ಚರಿಗೊಳಿಸಿದ್ದು ಬ್ರಸೆಲ್ಸ್ ಸುತ್ತಲಿನ ‘ಲಾಂಬಿಕ್’. ಕುದಿಸಿದ ಧಾನ್ಯರಸವನ್ನು ಆಳವಿಲ್ಲದ ಅಗಲ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಗಾಳಿಯಲ್ಲಿರುವ ಕಾಡು ಯೀಸ್ಟ್ ಅದರಲ್ಲಿಳಿದು ಹುದುಗು ಹಿಡಿಸುತ್ತದೆ. ಮರದ ಪೀಪಾಯಿಗಳಲ್ಲಿ ಒಂದು, ಎರಡು, ಮೂರು ವರ್ಷ ಮಾಗಿದ್ದನ್ನು ಬೆರೆಸಿದರೆ ‘ಗ್ಯೂಜ್’ ಎಂಬ ಹುಳಿ ಬಿಯರು. ಶೇಂದಿ ಬೆರೆಸಿ ಸಾನ್ನದ ಹಿಟ್ಟನ್ನು ಉಬ್ಬಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಹೇಳಿದ್ದರೆ ಅವರೇನೂ ಬೆರಗಾಗುತ್ತಿರಲಿಲ್ಲ. ಕೊಬ್ಬಿನ ಮಾಂಸಕ್ಕೆ ಈ ಹುಳಿ ಬಹಳ ಹೊಂದುತ್ತದೆ.

ಹೊಂದದ್ದನ್ನೂ ಹೇಳಬೇಕು. ಒಂಬತ್ತು ಹತ್ತು ಶೇಕಡಾ ಮದ್ಯಸಾರವುಳ್ಳ ಬಿಯರನ್ನು ಮೆಣಸಿನ ಖಾರದ ಅಡುಗೆಯೊಂದಿಗೆ ಇಟ್ಟರೆ ಖಾರ ಶಮನವಾಗುವುದಿಲ್ಲ, ಉರಿ ಹೆಚ್ಚುತ್ತದೆ. ಮದ್ಯಸಾರವೂ ನೊರೆಯೂ ಮೆಣಸು ಕೆರಳಿಸಿದ ಬಾಯಿಯನ್ನು ಇನ್ನಷ್ಟು ಕೆರಳಿಸುತ್ತವೆ. ಕುಡಿದು ಖಾರ ತಿಂದು, ಖಾರಕ್ಕೆಂದು ಮತ್ತೆ ಕುಡಿಯುವ ನಮ್ಮ ಕಡೆಯ ಅಭ್ಯಾಸಕ್ಕೆ ರುಚಿಯ ಶಾಸ್ತ್ರದ ಬೆಂಬಲವಿಲ್ಲ.

ಈ ಬಿಯರುಗಳಲ್ಲಿ ಹೆಸರಾಂತವು ಟ್ರಾಪಿಸ್ಟ್ ಸನ್ಯಾಸಿಗಳವು. ವೆಸ್ಟ್‌ಮಾಲೆ, ವೆಸ್ಟ್‌ಫ್ಲೆಟರೆನ್, ಶಿಮೇ, ರೋಶ್‌ಫೋರ್, ಓರ್ವಾಲ್ ಎಂಬ ಐದು ಮಠಗಳ ಬಿಯರುಗಳಿಗೆ ಬೆಲ್ಜಿಯಂನಲ್ಲಿ ಇಂದು ಟ್ರಾಪಿಸ್ಟ್ ಮುದ್ರೆಯಿದೆ. ಆ ಮುದ್ರೆ ಬೇಕಾದರೆ ತಯಾರಿಕೆ ಮಠದ ಆವರಣದಲ್ಲಿ, ಸನ್ಯಾಸಿಗಳ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಆದಾಯ ಮಠದ ನಿರ್ವಹಣೆಗೂ ದಾನಕಾರ್ಯಗಳಿಗೂ ಸಲ್ಲಬೇಕು. ಆಕೆಲ್ ಮಠದಲ್ಲಿ ಸನ್ಯಾಸಿಗಳು ಉಳಿಯದೆ ಹೋದಾಗ, ಬಿಯರು ತಯಾರಾಗುತ್ತಲೇ ಇದ್ದರೂ 2021ರಲ್ಲಿ ಮುದ್ರೆ ತಪ್ಪಿತು. ದುಡಿದು ಉಣ್ಣಬೇಕೆಂಬುದು ಸಂತ ಬೆನೆದಿಕ್ತರ ನಿಯಮ. ಆರನೆಯ ಶತಮಾನದ ಅದೇ ನಿಯಮಾವಳಿ ದ್ರಾಕ್ಷಾರಸಕ್ಕೂ ದಿನದ ಅಳತೆಯನ್ನು ಗೊತ್ತುಮಾಡುತ್ತದೆ. ಸನ್ಯಾಸಿಗಳಿಗೆ ಅದು ತಕ್ಕದ್ದಲ್ಲವೆಂಬ ಅಭಿಪ್ರಾಯವಿದ್ದರೂ ತಮ್ಮ ಕಾಲದವರನ್ನು ಒಪ್ಪಿಸಲಾಗದೆಂದು ಅರಿತು, ಮಿತವಾಗಿಯಾದರೂ ಇರಲಿ ಎಂದು ಸಂತರು ಸಮಾಧಾನಪಟ್ಟಂತೆ ಕಾಣುತ್ತದೆ. ಮನುಷ್ಯರನ್ನು ಬಲ್ಲ ಮಠಾಧಿಪತಿ!

ಶಿಮೇಯ ಸನ್ಯಾಸಿಗಳು 1862ರಲ್ಲಿ ಬಿಯರನ್ನೂ 1876ರಲ್ಲಿ ಚೀಸನ್ನೂ ಆರಂಭಿಸಿದರು. ಅವರ ಒಂದು ಬಗೆಯ ಚೀಸನ್ನು ಮಾಗುವ ಕಾಲದಲ್ಲಿ ಬಿಯರಿನಿಂದಲೇ ತೊಳೆಯುತ್ತಾರೆ. ಅವೆರಡನ್ನು ಜೊತೆಗಿಡಲು ಪಂಡಿತರ ಸಲಹೆ ಬೇಡ. ಇನ್ನೊಂದು ಸಂಗತಿಯನ್ನು ಹೊರಗಿನವರು ಹೆಚ್ಚಾಗಿ ಅರಿಯರು. ಪೇಟೆಗೆ ಹೋಗುವ ವೆಸ್ಟ್‌ಮಾಲೆ ಟ್ರಿಪೆಲ್‌ನಲ್ಲಿ ಮದ್ಯಸಾರ ಶೇಕಡಾ 9.5. ಮೂಲತಃ ಸನ್ಯಾಸಿಗಳ ಊಟದ ಮೇಜಿಗೆಂದು ಮಾಡುತ್ತಿದ್ದ ‘ಎಕ್ಸ್ಟ್ರಾ’ದಲ್ಲಿ ಅದರ ಅರ್ಧದಷ್ಟು. ಓರ್ವಾಲ್‌ನವರ ಚಿಕ್ಕ ಬಿಯರಿನಲ್ಲಿ ಶೇಕಡಾ 3.5 ಮಾತ್ರ.

ಭೋಗವೆಲ್ಲವೂ ಪಾಪವೆಂದು ಓಡುವುದನ್ನೂ ಸಂತ ಥಾಮಸ್ ಅಕ್ವಿನಾಸರು ದೋಷವೆಂದೇ ಎಣಿಸಿದ್ದಾರೆ. ಮದ್ಯಪಾನ ಸ್ವಭಾವತಃ ನಿಷಿದ್ಧವಲ್ಲ. ಆದರೆ ಅದು ಯಾರಿಗೆ ಸುಲಭವಾಗಿ ಕೇಡು ಮಾಡುತ್ತದೋ ಅವರಿಗೆ, ಅದು ಇತರರನ್ನು ಎಡವಿಸುವಲ್ಲಿ, ನಿಷಿದ್ಧವೇ ಆಗುತ್ತದೆಂದು ಅವರೇ ಬರೆದರು. ಎಷ್ಟು ಕಡಿಮೆಯಾದರೂ ಮದ್ಯ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸ್ಪಷ್ಟಪಡಿಸಿದೆ. ನಮ್ಮ ಕುಟುಂಬಗಳ ಸಮಾರಂಭಗಳನ್ನು ನೆನೆಯುತ್ತೇನೆ. ಗಂಡಸರು ಚಪ್ಪರದ ಹಿಂದೆ, ಹೆಂಗಸರು ಮಕ್ಕಳು ಒಳಗೆ. ಊಟ ಬಡಿಸುವ ಹೊತ್ತಿಗೆ ಕುಡಿತ ಮುಗಿದಿರುತ್ತದೆ, ರುಚಿ ತಿಳಿಯುವ ನಾಲಗೆಯೂ ಮುಗಿದಿರುತ್ತದೆ. ಮೂರು ದಿನ ಅರೆದು ಬೇಯಿಸಿದ ಮನೆಯೊಡತಿಯ ಶ್ರಮವನ್ನು ಬಲ್ಲವರಾರು? ಅಲ್ಲಿ ಬಟ್ಟಲಿಗೆ ಅಳತೆ ಹೇಳಲು ತಟ್ಟೆಯೇ ಇಲ್ಲ.

ಊರಿಗೆ ಮರಳಿದ ವರ್ಷ ಕ್ರಿಸ್ಮಸ್ ಮುಂಚೆ, ನನ್ನ ಧರ್ಮಕೇಂದ್ರದ ಒಬ್ಬ ತಾಯಿ ಬಂದರು. ಅವರ ಮಗ ಕುಡಿತ ಬಿಟ್ಟು ಆಗ ಎಂಟು ತಿಂಗಳು. “ಫಾದರ್, ಹಬ್ಬಕ್ಕೆ ಬಫಾತ್ ಮಾಡದೆ ಇರಲಾಗದು. ಎಲ್ಲರೂ ಲೋಟ ಎತ್ತುವಾಗ ಅವನ ಮುಂದೆ ಬರೀ ನೀರು ಇಡಲು ಮನಸ್ಸು ಬರುವುದಿಲ್ಲ. ಏನು ಮಾಡಲಿ?” ನನಗೆ ಗ್ಯೂಜ್ ನೆನಪಾಯಿತು, ಅದರ ಮದ್ಯಸಾರವಲ್ಲ, ಹುಳಿ ಮತ್ತು ನೊರೆ. ಹಂದಿಯ ಕೊಬ್ಬನ್ನು ಕತ್ತರಿಸಲು ಬೇಕಾದದ್ದು ಅವೆರಡೇ. ಪುನರ್ಪುಳಿಯ ಸಿಪ್ಪೆಯನ್ನು ನೆನೆಸಿ ಹಿಂಡಿ, ಬಫಾತಿನ ಹುಳಿಗೆ ಸೋಲದಂತೆ ದಪ್ಪವಾಗಿಯೇ ಇಟ್ಟು, ಬೆಲ್ಲ ಕಡಿಮೆ ಮಾಡಿ, ಚಿಟಿಕೆ ಉಪ್ಪು ಹಾಕಿ, ಬಡಿಸುವಾಗ ಸೋಡಾ ಬೆರೆಸಲು ಹೇಳಿದೆ. ಅವನೊಬ್ಬನಿಗಲ್ಲ, ಮೇಜಿನಲ್ಲಿದ್ದವರಿಗೆಲ್ಲ, ಒಂದೇ ಬಗೆಯ ಲೋಟದಲ್ಲಿ.

ಹಬ್ಬದ ದಿನ ನಾನೂ ಆ ಮನೆಗೆ ಹೋದೆ. ಗಂಡಸರು ಮೊದಲು ಗೊಣಗಿದರೆಂದು ಆ ತಾಯಿ ಆಮೇಲೆ ಹೇಳಿದರು. ನಾನಿದ್ದಾಗ ಗೊಣಗಾಟ ಕೇಳಿಸಲಿಲ್ಲ. ಮಗ ಬಫಾತನ್ನು ಎರಡನೆಯ ಸಲ ಬಡಿಸಿಕೊಂಡ; ಅಷ್ಟರಲ್ಲಿ ಪುನರ್ಪುಳಿಯ ಹೂಜಿ ಬರಿದಾಗಿ, ಅವನ ಚಿಕ್ಕಪ್ಪನೇ ಎದ್ದು ಸೋಡಾ ತರಲು ಒಳಗೆ ಹೋದರು.