ಮಡಚಿದ ಮತಪತ್ರ: ಪೂರ್ವ ಜರ್ಮನಿಯ ಸಂಸತ್ ಚುನಾವಣೆಗಳ ಸ್ವರೂಪ

ಜರ್ಮನ್ ಪ್ರಜಾಸತ್ತಾತ್ಮಕ ಗಣರಾಜ್ಯವೆಂಬ ಅಧಿಕೃತ ನಾಮಧೇಯದಿಂದ 1949ರಿಂದ 1990ರವರೆಗೆ ಅಸ್ತಿತ್ವದಲ್ಲಿದ್ದ ಪೂರ್ವ ಜರ್ಮನಿಯಲ್ಲಿ ಚುನಾವಣೆಗಳಿಗೆ ಕೊರತೆಯಿರಲಿಲ್ಲ. 1950ರ ಅಕ್ಟೋಬರ್ 15ರಿಂದ 1986ರ ಜೂನ್ 8ರವರೆಗೆ ಫೋಲ್ಕ್ಸ್‌ಕಾಮರ್ ಎಂಬ ಜನಸಂಸತ್ತಿಗೆ ಒಂಬತ್ತು ಬಾರಿ ಮತದಾನ ನಡೆಯಿತು. ಅಧಿಕೃತ ಪಟ್ಟಿಗೆ ಮೊದಲ ಬಾರಿ ಶೇಕಡ 99.7ರಷ್ಟು, ಕೊನೆಯ ಬಾರಿ ಶೇಕಡ 99.94ರಷ್ಟು ಮತಗಳು ದೊರೆತವೆಂದು ಘೋಷಿಸಲಾಯಿತು. ಇಂತಹ ಅಂಕಿಗಳನ್ನು ಕಂಡೊಡನೆ ಇಡೀ ಪ್ರಕ್ರಿಯೆಯನ್ನು ಪ್ರಹಸನವೆಂದು ತಳ್ಳಿಹಾಕುವುದು ವಾಡಿಕೆ. ಆದರೆ ಫಲಿತಾಂಶ ಮೊದಲೇ ತಿಳಿದಿದ್ದ ಚುನಾವಣೆಗಾಗಿ ಪ್ರಭುತ್ವ ಅಷ್ಟೊಂದು ಶ್ರಮ ವಹಿಸಿದ್ದೇಕೆ ಎಂಬ ಪ್ರಶ್ನೆಗೆ ಆ ಮಾತು ಉತ್ತರವಾಗಲಾರದು. ಉತ್ತರವನ್ನು ಮತಗಟ್ಟೆಯ ಒಳಗೇ ಹುಡುಕಬೇಕಾಗುತ್ತದೆ.

ಈ ವ್ಯವಸ್ಥೆಯ ಮೂಲ 1949ರ ಮೇ ತಿಂಗಳಲ್ಲಿದೆ. ಸೋವಿಯತ್ ವಲಯದಲ್ಲಿ ಜನಕಾಂಗ್ರೆಸ್ಸಿಗಾಗಿ ನಡೆದ ಮತದಾನದಲ್ಲಿ ಒಂದೇ ಪಟ್ಟಿಯನ್ನು ಮುಂದಿಟ್ಟು ‘ಹೌದು’ ಅಥವಾ ‘ಇಲ್ಲ’ ಎಂದು ಸೂಚಿಸುವಂತೆ ಕೇಳಲಾಗಿತ್ತು. ಅಧಿಕೃತ ಲೆಕ್ಕದ ಪ್ರಕಾರವೇ ಮೂರನೆಯ ಒಂದರಷ್ಟು ಜನ ‘ಇಲ್ಲ’ ಎಂದರು. ಮರುವರ್ಷದಿಂದ ಸಂಸತ್ ಚುನಾವಣೆಯ ಮತಪತ್ರದಲ್ಲಿ ಹಾಗೆ ಹೇಳಲು ಜಾಗವೇ ಉಳಿಯಲಿಲ್ಲ. ರಾಷ್ಟ್ರೀಯ ರಂಗ ಸಿದ್ಧಪಡಿಸಿದ ಏಕೈಕ ಪಟ್ಟಿಯಲ್ಲಿ ಪಕ್ಷಗಳ ಪಾಲು ಮತದಾನಕ್ಕೆ ಮುಂಚೆಯೇ ನಿಗದಿಯಾಗಿರುತ್ತಿತ್ತು. 1960ರ ದಶಕದಿಂದ ಮುಂದೆ 500 ಸ್ಥಾನಗಳಲ್ಲಿ ಆಳುವ ಸಮಾಜವಾದಿ ಏಕತಾ ಪಕ್ಷಕ್ಕೆ 127, ಇತರ ನಾಲ್ಕು ಪಕ್ಷಗಳಿಗೆ ತಲಾ 52, ಉಳಿದವು ಕಾರ್ಮಿಕ, ಯುವಜನ, ಮಹಿಳಾ ಮೊದಲಾದ ಸಂಘಟನೆಗಳಿಗೆ. ಆಳುವ ಪಕ್ಷಕ್ಕೆ ಬಹುಮತವಿಲ್ಲವೆಂದು ಮೇಲ್ನೋಟಕ್ಕೆ ತೋರಿದರೂ ಸಂಘಟನೆಗಳ ಪ್ರತಿನಿಧಿಗಳಲ್ಲಿ ಬಹುಪಾಲು ಅದರ ಸದಸ್ಯರೇ ಆಗಿದ್ದರು. ಹೀಗೆ ರೂಪುಗೊಂಡ ಸದನದಲ್ಲಿ 1989ರ ಶರತ್ಕಾಲದವರೆಗೆ ಒಮ್ಮತ ಮುರಿದದ್ದು ಒಂದೇ ಸಲ. 1972ರ ಮಾರ್ಚ್ 9ರಂದು ಗರ್ಭಪಾತ ಕಾಯಿದೆಯನ್ನು ಕ್ರೈಸ್ತ ಪಕ್ಷದ 14 ಮಂದಿ ವಿರೋಧಿಸಿದರು.

ಮತಗಟ್ಟೆಯಲ್ಲಿ ನಡೆಯುತ್ತಿದ್ದುದು ಇನ್ನೂ ಗಮನಾರ್ಹ. ಮತದಾರ ಗುರುತಿನ ಚೀಟಿ ತೋರಿಸಿ ಹೆಸರುಗಳ ಪಟ್ಟಿಯಿದ್ದ ಹಾಳೆಯನ್ನು ಪಡೆದು, ಯಾವ ಗುರುತನ್ನೂ ಮಾಡದೆ, ಅಲ್ಲಿಯೇ ಮಡಚಿ ಪೆಟ್ಟಿಗೆಗೆ ಹಾಕಿದರೆ ಅದು ಸಮ್ಮತಿ. ಮತ ಹಾಕಲು ಹೋಗುವುದನ್ನು ಜನ ಆಡುಮಾತಿನಲ್ಲಿ ‘ಮಡಚಲು ಹೋಗುವುದು’ ಎಂದೇ ಕರೆಯುತ್ತಿದ್ದರು. ವಿರೋಧ ಸೂಚಿಸಬೇಕಾದರೆ ಪ್ರತಿಯೊಂದು ಹೆಸರನ್ನೂ ಗೀಟೆಳೆದು ಹೊಡೆದುಹಾಕಬೇಕಿತ್ತು. ಅದಕ್ಕೆ ಮರೆಯೂ ಇರುತ್ತಿತ್ತು, ಸಾಮಾನ್ಯವಾಗಿ ಕೊಠಡಿಯ ದೂರದ ಮೂಲೆಯಲ್ಲಿ. ಎಲ್ಲರೂ ನೋಡುತ್ತಿರುವಾಗ ಅಲ್ಲಿಯವರೆಗೆ ನಡೆದುಹೋಗುವುದೇ ಒಂದು ಹೇಳಿಕೆಯಾಗುತ್ತಿತ್ತು. ಗೌಪ್ಯತೆಯನ್ನು ಕಾಪಾಡಬೇಕಾದ ಮರೆ ಭಿನ್ನಮತೀಯನನ್ನು ಬಯಲಿಗೆಳೆಯುವ ಸಾಧನವಾಯಿತು. ಮಧ್ಯಾಹ್ನದವರೆಗೂ ಬಾರದವರ ಮನೆಬಾಗಿಲಿಗೆ ಕಾರ್ಯಕರ್ತರು ಹೋಗುತ್ತಿದ್ದರು. ಕೆಲವೊಮ್ಮೆ ಪೆಟ್ಟಿಗೆಯನ್ನೇ ಒಯ್ಯುತ್ತಿದ್ದರು. ಅದಕ್ಕೆ ‘ಹಾರುವ ಮತಪೆಟ್ಟಿಗೆ’ ಎಂಬ ಹೆಸರಿತ್ತು.

ಎಂದರೆ ಇಲ್ಲಿ ಅಳೆಯಲಾಗುತ್ತಿದ್ದುದು ಜನರ ಅಭಿಪ್ರಾಯವನ್ನಲ್ಲ, ಅವರ ಹಾಜರಿಯನ್ನು. 1968ರ ಸಂವಿಧಾನದ ಜನಮತಗಣನೆಯಲ್ಲಾದರೋ ‘ಹೌದು’, ‘ಇಲ್ಲ’ ಎರಡನ್ನೂ ಮುದ್ರಿಸಲಾಯಿತು. ಆಗ ಅಧಿಕೃತ ಲೆಕ್ಕದಲ್ಲಿಯೇ ಸುಮಾರು ನಾಲ್ಕು ಲಕ್ಷ ವಿರೋಧ ಮತಗಳು ಕಾಣಿಸಿಕೊಂಡವು. ಪ್ರಭುತ್ವಕ್ಕೆ ಹಾಜರಿ ಎಷ್ಟು ಅಗತ್ಯವಾಗಿತ್ತೆಂಬುದನ್ನು ಸಾಮಾನ್ಯ ಜನರೂ ಅರಿತಿದ್ದರು. ಮನೆ ಹಂಚಿಕೆಗಾಗಿ ವರ್ಷಗಟ್ಟಲೆ ಕಾದವರು, ಸೋರುವ ಮಾಳಿಗೆಯ ದುರಸ್ತಿಯಾಗದೆ ಬೇಸತ್ತವರು, ತಮ್ಮ ಅಹವಾಲು ಈಡೇರದಿದ್ದರೆ ಮತದಾನಕ್ಕೆ ಬರುವುದಿಲ್ಲವೆಂದು ಅಧಿಕಾರಿಗಳಿಗೆ ಬರೆಯುತ್ತಿದ್ದರು. ಚುನಾವಣೆ ಸಮೀಪಿಸಿದಾಗ ಇಂತಹ ಕೆಲವು ಅಹವಾಲುಗಳಿಗೆ ಕಿವಿಗೊಡಲಾಗುತ್ತಿತ್ತು. ಆಯ್ಕೆಯ ಮೌಲ್ಯವಿಲ್ಲದ ಮತಕ್ಕೆ ಚೌಕಾಸಿಯ ಮೌಲ್ಯ ಉಳಿದಿತ್ತು ಎಂಬುದನ್ನು ಈ ವ್ಯವಸ್ಥೆಯ ವಿಮರ್ಶಕರು ಅಷ್ಟಾಗಿ ಗಮನಿಸಿಲ್ಲ.

ಅದರ ದುರ್ಬಲ ಕೊಂಡಿ ಇದ್ದುದು ಎಣಿಕೆಯಲ್ಲಿ. ಮತ ಎಣಿಕೆ ಸಾರ್ವಜನಿಕವಾಗಿ ನಡೆಯಬೇಕೆಂದು ಚುನಾವಣಾ ಕಾಯಿದೆಯೇ ಹೇಳಿತ್ತು. ಸಂಸತ್ತಿಗಲ್ಲದಿದ್ದರೂ ಅದೇ ವಿಧಾನದಲ್ಲಿ 1989ರ ಮೇ 7ರಂದು ನಡೆದ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ, ಇಗರ್ಜಿಗಳ ಆಶ್ರಯದಲ್ಲಿದ್ದ ನಾಗರಿಕ ಗುಂಪುಗಳು ಈ ವಿಧಿಯನ್ನು ಅಕ್ಷರಶಃ ಬಳಸಿಕೊಂಡವು. ಬರ್ಲಿನ್ನಿನ ವೈಸೆನ್‌ಜೆ ಬಡಾವಣೆಯಲ್ಲಿ ಹೆಚ್ಚುಕಡಿಮೆ ಎಲ್ಲ ಮತಗಟ್ಟೆಗಳಲ್ಲಿಯೂ ವೀಕ್ಷಕರು ಕುಳಿತು, ಓದಿಹೇಳಿದ ಅಂಕಿಗಳನ್ನು ಬರೆದುಕೊಂಡು ಕೂಡಿಸಿದರು. ಅವರ ಲೆಕ್ಕದಲ್ಲಿ ವಿರೋಧ ಮತಗಳು ಎರಡು ಸಾವಿರವನ್ನು ಮೀರಿದ್ದವು. ಪ್ರಕಟವಾದದ್ದು ಸುಮಾರು ಒಂದು ಸಾವಿರ. ಚುನಾವಣಾ ಆಯೋಗದ ಅಧ್ಯಕ್ಷ ಎಗೊನ್ ಕ್ರೆಂಟ್ಸ್ ಆ ರಾತ್ರಿ ರಾಷ್ಟ್ರಮಟ್ಟದ ಸಮ್ಮತಿ ಶೇಕಡ 98.85 ಎಂದು ಸಾರಿದರು. ವಿಪರ್ಯಾಸವೆಂದರೆ ನಿಜವಾದ ಲೆಕ್ಕದಲ್ಲಿಯೂ ಬಹುಮತ ಪಟ್ಟಿಗೇ ಇತ್ತು. ಗೆದ್ದ ಚುನಾವಣೆಯನ್ನೇ ತಿದ್ದಬೇಕಾಗಿ ಬಂದುದಕ್ಕೆ, ಶೇಕಡ 90 ಎಂಬ ಅಂಕಿಯೂ ಸೋಲಿನಂತೆ ಕಾಣುವ ಮಟ್ಟಕ್ಕೆ ಪ್ರಭುತ್ವ ತನ್ನ ಅಳತೆಗೋಲನ್ನು ಏರಿಸಿಕೊಂಡಿದ್ದುದೇ ಕಾರಣವೆನ್ನಬಹುದು.

ನಾಗರಿಕರ ದೂರುಗಳನ್ನು ತಿರಸ್ಕರಿಸಲಾಯಿತು. ಪ್ರತಿ ತಿಂಗಳ 7ನೆಯ ತಾರೀಖು ಬರ್ಲಿನ್ನಿನಲ್ಲಿ ಪ್ರತಿಭಟನೆ ನಡೆಯತೊಡಗಿ, ಶರತ್ಕಾಲದ ದೊಡ್ಡ ಮೆರವಣಿಗೆಗಳಿಗೆ ದಾರಿಯಾಯಿತು. ಚುನಾವಣೆಯ ಅಂಕಿಗಳನ್ನು ತಿದ್ದಿದ ಪ್ರಕರಣದಲ್ಲಿ ಡ್ರೆಸ್ಡೆನ್ನಿನ ಮಾಜಿ ಮೇಯರ್ ವೋಲ್ಫ್‌ಗಾಂಗ್ ಬರ್ಗ್‌ಹೋಫರ್ 1992ರಲ್ಲಿ ಅಪರಾಧಿಯೆಂದು ತೀರ್ಮಾನವಾಯಿತು. ಅದಕ್ಕೂ ಮುನ್ನ, 1990ರ ಮಾರ್ಚ್ 18ರಂದು, ಫೋಲ್ಕ್ಸ್‌ಕಾಮರ್‌ಗೆ ಮೊದಲ ಹಾಗೂ ಕಡೆಯ ಮುಕ್ತ ಚುನಾವಣೆ ನಡೆದಿತ್ತು. ಯಾರೂ ಮನೆಬಾಗಿಲಿಗೆ ಪೆಟ್ಟಿಗೆ ಹೊತ್ತು ಹೋಗಿ ಒತ್ತಾಯಿಸದಿದ್ದರೂ ಶೇಕಡ 93.4ರಷ್ಟು ಮತದಾರರು ಬಂದರು. ಏಕತಾ ಪಕ್ಷದ ಉತ್ತರಾಧಿಕಾರಿ ಪಕ್ಷಕ್ಕೆ ದೊರೆತದ್ದು ಶೇಕಡ 16.4.