ನಾರು ಕಿತ್ತ ಜಾಗದ ಬಿಳುಪು

ಶಾಯಿ ಒಣಗಿದ ಮೇಲೆ ಚಿತ್ರಕಾರ ಕುಂಚ ಕೆಳಗಿಟ್ಟು, ಹಾಳೆಯ ಮೈಯಿಂದ ನಾರು ಕೀಳಲು ಕೂರುತ್ತಾನೆ. ಒಂದೊಂದು ಎಳೆ ಕಿತ್ತುಬಂದಂತೆ ಕಪ್ಪು ಬೆಟ್ಟದ ಮೇಲೆ ಬಿಳಿ ಗೆರೆ ಮೂಡುತ್ತದೆ. ಹಿಮವೂ ಅದೇ, ಝರಿಯೂ ಅದೇ. ನಾರಿನ ಮರೆಯಲ್ಲಿ ಶಾಯಿಗೆ ಸಿಗದೆ ಉಳಿದ ಕಾಗದ ಅದು.

ಹೀಗೆ ಚಿತ್ರ ಬರೆದವರು ಲಿಯು ಗುವೊಸೊಂಗ್. 1932ರಲ್ಲಿ ಚೀನಾದ ಬೆಂಗ್ಬುವಿನಲ್ಲಿ ಹುಟ್ಟಿ, ಜಪಾನಿನ ವಿರುದ್ಧದ ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು, 1949ರಲ್ಲಿ ತೈವಾನ್ ಸೇರಿದವರು. ತೈಪೆಯಲ್ಲಿ ಗೆಳೆಯರೊಡನೆ 'ಐದನೆಯ ತಿಂಗಳು' ಬಳಗ ಕಟ್ಟಿ 1957ರಲ್ಲಿ ಮೊದಲ ಪ್ರದರ್ಶನ ಮಾಡಿದಾಗ ಅವರ ಕಣ್ಣೆಲ್ಲ ಪಶ್ಚಿಮದ ಕಡೆಗಿತ್ತು. ಆಮೇಲೆ ಕ್ಯಾನ್ವಾಸಿಗೆ ಗಾರೆ ಮೆತ್ತಿ, ತೈಲವರ್ಣದಲ್ಲಿ ಚೀನೀ ಶಾಯಿಯ ಗುಣ ತರಲು ಹೆಣಗಿದರು. ಹಳಬರ ನಕಲು ಬೇಡವೆಂದ ಮೇಲೆ ಪ್ಯಾರಿಸ್ಸಿನ ನಕಲು ಯಾಕೆ ಬೇಕು? ಈ ಪ್ರಶ್ನೆಯೇ ಅವರನ್ನು ಮತ್ತೆ ಕಾಗದ, ಶಾಯಿಗಳತ್ತ ತಿರುಗಿಸಿತು.

ಅದೇ ಹೊತ್ತಿಗೆ, 1961ರಲ್ಲಿ, ವಿದ್ವಾಂಸ ಷು ಫುಗುವಾನ್ ಆಧುನಿಕ ಕಲೆ ಕಡೆಗೆ ಕಮ್ಯುನಿಸ್ಟರಿಗೇ ದಾರಿ ಮಾಡಿಕೊಡುತ್ತದೆಂದು ಬರೆದರು. ಸೈನಿಕ ಕಾನೂನಿನ ತೈವಾನಿನಲ್ಲಿ ಇಂಥ ಆರೋಪ ಕಲಾವಿದರಿಗೆ ಜೈಲಿನ ಬಾಗಿಲು ತೆರೆಸಬಹುದಿತ್ತು. ಇಪ್ಪತ್ತೊಂಬತ್ತರ ಲಿಯು ಸುಮ್ಮನಿರಲಿಲ್ಲ. ಆಧುನಿಕ ಕಲೆಯನ್ನು ಶತ್ರುವಿನ ಪಾಲಿಗೆ ಯಾಕೆ ಬಿಟ್ಟುಕೊಡುತ್ತೀರಿ ಎಂದು ಪತ್ರಿಕೆಯಲ್ಲೇ ತಿರುಗಿ ಕೇಳಿದರು. ಆ ಧೈರ್ಯ ನನಗೆ ಅವರ ಯಾವ ಚಿತ್ರಕ್ಕಿಂತಲೂ ಕಡಿಮೆಯದೆನಿಸುವುದಿಲ್ಲ.

ಸಂಪ್ರದಾಯಸ್ಥರಿಗೆ ಇನ್ನೂ ನೋವಾದದ್ದು ಕುಂಚದ ವಿಷಯದಲ್ಲಿ. ತುದಿ ಗೆರೆಯ ನಟ್ಟನಡುವೆ ಸಾಗಬೇಕೆಂಬುದು ಸುಂದರ ಬರಹದಿಂದ ಚಿತ್ರಕ್ಕೆ ಬಂದ ನಿಯಮ. ಅದರ ವಿರುದ್ಧವೇ ಕ್ರಾಂತಿಯಾಗಬೇಕೆಂದರು ಲಿಯು. 1963ರ ಸುಮಾರಿಗೆ ಒರಟು ನಾರುಗಳನ್ನು ಮೇಲ್ಮೈಗೇ ಅಂಟಿಸಿದ ಕಾಗದವನ್ನು ಹೇಳಿ ಮಾಡಿಸಿಕೊಂಡರು. ಹತ್ತನೆಯ ಶತಮಾನದ ದೋಂಗ್ ಯುವಾನನ ಕಾಲದಿಂದ ಬೆಟ್ಟದ ಮೈ ತೋರಿಸಲು ಬಳಸುವ ಒಂದು ಬಗೆಯ ಗೆರೆಗೆ ಸೆಣಬಿನ ನಾರಿನ ಹೆಸರೇ ಇದೆ. ಸಾವಿರ ವರ್ಷ ಕುಂಚ ಅನುಕರಿಸಿದ ನಾರು, ಲಿಯು ಅವರ ಹಾಳೆಯಲ್ಲಿ ತಾನೇ ಗೆರೆಯಾಯಿತು. ಈ ವಿಧಾನಕ್ಕೆ ಅವರಿಟ್ಟ ಹೆಸರು: ನರ ಎಳೆದು ಚರ್ಮ ಸುಲಿಯುವುದು.

1968ರ ಡಿಸೆಂಬರಿನಲ್ಲಿ ಅಪೊಲೊ 8 ವ್ಯೋಮನೌಕೆಯಿಂದ ಭೂಮಿಯ ಚಿತ್ರ ಬಂತು. ಅದರ ಪ್ರೇರಣೆಯಿಂದ ಮರುವರ್ಷ ಲಿಯು ಅವರ ಬೆಟ್ಟಗಳ ಮೇಲೆ ದುಂಡನೆಯ ಗೋಳಗಳು ತೇಲಿದವು. 1983ರಲ್ಲಿ, ಅವರು ಬಿಟ್ಟುಬಂದಿದ್ದ ಚೀನಾದಲ್ಲೇ, ಬೀಜಿಂಗ್ ಅವರಿಗೆ ಪ್ರದರ್ಶನದ ಬಾಗಿಲು ತೆರೆಯಿತು.

ಅಚ್ಚಿನ ಪುಸ್ತಕಗಳಲ್ಲಿ ಈ ಚಿತ್ರಗಳನ್ನು ನೋಡುವಾಗ ನನಗೆ ಹೊಟ್ಟೆಯುರಿಯುತ್ತದೆ. ನುಣುಪು ಹಾಳೆಯ ಮೇಲೆ ಆ ಬಿಳಿ ಗೆರೆ ಬಣ್ಣ ಬಳಿದಂತೆಯೇ ಕಾಣುತ್ತದೆ. ನಾರು ಎದ್ದುಹೋದ ಗಾಯ, ಹರಿದ ಅಂಚು, ಒಂದೂ ಉಳಿದಿರುವುದಿಲ್ಲ.